ಕಾಡಿನ ಹಾದಿಯಲ್ಲಿ ವೀಕ್ಷಣಾ ತಾಣಕ್ಕೆ ಒಂದು ದಿನದ ಸುಲಭ ಚಾರಣ: ಪದೇ ಪದೇ ಕೇಳುವ ಪ್ರಶ್ನೆಗಳು

‘ಸುಲಭ’ ಎಂದು ಹೇಳಲಾದ ಹಾದಿ ನನಗೂ ಸುಲಭವೇ ಎಂದು ತಿಳಿಯುವುದು ಹೇಗೆ?

‘ಸುಲಭ’ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ದಿನವೂ ಅರ್ಧ ಗಂಟೆ ನಡೆಯುವ ಅಭ್ಯಾಸವಿರುವ ವ್ಯಕ್ತಿಗೆ, ಹೋಗಿಬರುವ ದೂರ 8ರಿಂದ 10 ಕಿಲೋಮೀಟರಿನೊಳಗಿದ್ದು, ಒಟ್ಟು ಏರು 300 ಮೀಟರ್ ಮೀರದೆ, ಎಲ್ಲಿಯೂ ಕೈಯೂರಿ ಹತ್ತುವ ಅಗತ್ಯ ಬಾರದಿದ್ದರೆ ಆ ಹಾದಿಯನ್ನು ಸುಲಭವೆಂದು ಕರೆಯಬಹುದು. ಈ ಮೂರರಲ್ಲಿ ದೂರಕ್ಕಿಂತ ಏರಿನ ಲೆಕ್ಕವೇ ಮುಖ್ಯ. ಆದರೆ ಹೆಚ್ಚಿನವರು ಮೊದಲು ಕೇಳುವುದು, ಹಲವು ಸಲ ಕೇಳುವುದೇ, ದೂರವನ್ನು ಮಾತ್ರ.

ವೀಕ್ಷಣಾ ತಾಣಕ್ಕೆ ಹೋಗುವ ಹಾದಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಂತಹ ತಾಣಗಳು ಸಾಮಾನ್ಯವಾಗಿ ಬೆಟ್ಟದ ಏಣಿನ ಮೇಲೋ ಬಂಡೆಯ ಅಂಚಿನಲ್ಲೋ ಇರುತ್ತವೆ, ಹಾದಿ ಮಾತ್ರ ಕೆಳಗಿನ ಕಾಡಿನಲ್ಲಿ ಆರಂಭವಾಗುತ್ತದೆ. ಹೀಗಾಗಿ ಏರೆಲ್ಲವೂ ಕೊನೆಯ ಭಾಗದಲ್ಲೇ ಬಂದು ಸೇರುವುದುಂಟು. ನಾಲ್ಕು ಕಿಲೋಮೀಟರಿನಲ್ಲಿ 300 ಮೀಟರ್ ಏರುವ ಹಾದಿಯ ಸರಾಸರಿ ಇಳಿಜಾರು ಶೇಕಡ 7.5 ಮಾತ್ರ. ಅದೇ ಹಾದಿ ಮೊದಲ ಮೂರು ಕಿಲೋಮೀಟರಿನಲ್ಲಿ 50 ಮೀಟರ್ ಏರಿ, ಉಳಿದ 250 ಮೀಟರನ್ನು ಕೊನೆಯ ಒಂದು ಕಿಲೋಮೀಟರಿಗೆ ಉಳಿಸಿಕೊಂಡಿದ್ದರೆ, ಆ ಭಾಗದ ಇಳಿಜಾರು ಶೇಕಡ 25 ಆಗುತ್ತದೆ, ಮತ್ತು ಅದು ಯಾವ ಅರ್ಥದಲ್ಲೂ ಸುಲಭವಲ್ಲ. ಆದ್ದರಿಂದ ಸರಾಸರಿಯನ್ನು ನಂಬದೆ, ಏರು ಎಲ್ಲಿದೆ ಎಂಬುದನ್ನು ನೋಡಿ.

ಏರು ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಸ್ಥಳಾಕೃತಿ ನಕ್ಷೆಯಲ್ಲಿರುವ ಸಮೋನ್ನತಿ ರೇಖೆಗಳು ಸಮಾನ ಎತ್ತರದ ಬಿಂದುಗಳನ್ನು ಜೋಡಿಸುತ್ತವೆ. ರೇಖೆಗಳು ದೂರದೂರವಿದ್ದರೆ ನೆಲ ಹೆಚ್ಚುಕಡಿಮೆ ಸಮತಟ್ಟು, ಹತ್ತಿರಹತ್ತಿರವಿದ್ದರೆ ಕಡಿದು, ಒಂದರ ಮೇಲೊಂದು ಬಂದಂತೆ ಕಂಡರೆ ಅಲ್ಲಿ ಪ್ರಪಾತವಿದೆ ಎಂದರ್ಥ. ಎರಡು ರೇಖೆಗಳ ನಡುವಿನ ಎತ್ತರದ ಅಂತರ ನಕ್ಷೆಯಿಂದ ನಕ್ಷೆಗೆ ಬದಲಾಗುವುದರಿಂದ, ಅದು 10 ಮೀಟರೋ 20 ಮೀಟರೋ ಎಂಬುದನ್ನು ಅಂಚಿನ ವಿವರಣೆಯಲ್ಲಿ ನೋಡಿಕೊಂಡು, ಹಾದಿ ದಾಟುವ ರೇಖೆಗಳನ್ನು ಎಣಿಸಬೇಕು. ರೇಖೆಗಳ ಬಾಗಿದ ಮೊನೆ ಎತ್ತರದ ಕಡೆಗೆ ಚಾಚಿದ್ದರೆ ಅದು ಕಣಿವೆ ಅಥವಾ ತೊರೆಯ ಹಾದಿ, ತಗ್ಗಿನ ಕಡೆಗೆ ಚಾಚಿದ್ದರೆ ಅದು ಬೆಟ್ಟದ ಏಣು.

ಒಟ್ಟು ಏರು ಎಂದರೆ ಆರಂಭದ ಮತ್ತು ಕೊನೆಯ ಎತ್ತರಗಳ ವ್ಯತ್ಯಾಸವಲ್ಲ. ಹಾದಿ ನಡುವೆ ಎರಡು ಬಾರಿ 60 ಮೀಟರ್ ಇಳಿದು ಮತ್ತೆ ಹತ್ತಿದರೆ 120 ಮೀಟರ್ ಹೆಚ್ಚುವರಿ ಏರು ಸೇರುತ್ತದೆ, ಮತ್ತು ಹಿಂತಿರುಗುವಾಗ ಆ ಇಳಿತಗಳೇ ಏರುಗಳಾಗಿ ದಣಿದ ಕಾಲುಗಳಿಗೆ ಎದುರಾಗುತ್ತವೆ.

ಹೋಗಿಬರಲು ಎಷ್ಟು ಸಮಯ ಬೇಕು?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಪ್ರಕಾರ ಹೋಗಿಬರಲು 8 ಕಿಲೋಮೀಟರ್ ದೂರ ಮತ್ತು 300 ಮೀಟರ್ ಏರು ಇರುವ ಹಾದಿಗೆ ಸುಮಾರು 2 ಗಂಟೆ 6 ನಿಮಿಷ ಬೇಕು. ಆದರೆ ಈ ಲೆಕ್ಕ ಗಟ್ಟಿಮುಟ್ಟಾದ ನಡಿಗೆಯವರದು. ಇದರಲ್ಲಿ ವಿಶ್ರಾಂತಿಯಾಗಲಿ, ಊಟವಾಗಲಿ, ಹಕ್ಕಿಯೊಂದನ್ನು ನೋಡಲು ನಿಂತ ಹತ್ತು ನಿಮಿಷವಾಗಲಿ ಸೇರಿಲ್ಲ. ಬೇರುಗಳು ಹರಡಿದ, ಎಲೆ ಮುಚ್ಚಿದ ಕಾಡುಹಾದಿಯಲ್ಲಿ ವೇಗವೂ ತಗ್ಗುತ್ತದೆ.

ಸಾಮಾನ್ಯ ಗುಂಪಿಗೆ ಈ ಅವಧಿಯನ್ನು ಒಂದೂವರೆ ಪಟ್ಟು ಮಾಡಿ, ಚಿಕ್ಕ ಮಕ್ಕಳಿದ್ದರೆ ಎರಡು ಪಟ್ಟು ಮಾಡಿ. ಮೇಲಿನ ಉದಾಹರಣೆಯಲ್ಲಿ ಒಂದೂವರೆ ಪಟ್ಟೆಂದರೆ ಸುಮಾರು 3 ಗಂಟೆ 10 ನಿಮಿಷ. ಮೇಲೆ ಕಳೆಯುವ ಮುಕ್ಕಾಲು ಗಂಟೆಯನ್ನೂ, ಅನಿರೀಕ್ಷಿತಕ್ಕೆಂದು ಕಾದಿರಿಸಿದ ಒಂದು ಗಂಟೆಯನ್ನೂ ಸೇರಿಸಿದರೆ ಐದು ಗಂಟೆಯಾಗುತ್ತದೆ. ಎರಡು ಗಂಟೆಯ ನಡಿಗೆಗೆ ಐದು ಗಂಟೆ ಮೀಸಲಿಡುವುದು ಅತಿಯಾಯಿತೆಂದು ತೋರಬಹುದು. ಆದರೆ ಈ ಅಂತರವನ್ನು ಬಿಟ್ಟುಕೊಳ್ಳದ ಗುಂಪುಗಳೇ ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದು ಇಳಿದುಬರುವುದು.

ಎಷ್ಟು ಹೊತ್ತಿಗೆ ಹೊರಡಬೇಕು?

ಬೆಳಗಿನಿಂದ ಮುಂದಕ್ಕೆ ಎಣಿಸದೆ, ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಇಡೀ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ನಿರ್ಧಾರ ಇನ್ನೊಂದಿಲ್ಲ. ದಟ್ಟ ಮರಗಳ ನೆರಳಿನಲ್ಲಿ ಸೂರ್ಯ ಮುಳುಗುವ ಮುನ್ನವೇ ನೆಲ ಮಸುಕಾಗಿ, ಬೇರು ಯಾವುದು ಕಲ್ಲು ಯಾವುದು ಎಂದು ತಿಳಿಯದಂತಾಗುತ್ತದೆ. ಆದ್ದರಿಂದ ಸೂರ್ಯಾಸ್ತಕ್ಕೆ ಕನಿಷ್ಠ ಒಂದೂವರೆ ಗಂಟೆ ಮೊದಲು ಹಾದಿಯ ಆರಂಭದ ಜಾಗಕ್ಕೆ ಮರಳಿರಬೇಕು ಎಂದು ಇಟ್ಟುಕೊಂಡು, ಅಲ್ಲಿಂದ ಇಳಿಯುವ ಸಮಯವನ್ನು ಕಳೆದರೆ ‘ಹಿಂತಿರುಗುವ ಗಡುವು’ ದೊರೆಯುತ್ತದೆ. ಆ ಹೊತ್ತಿಗೆ ವೀಕ್ಷಣಾ ತಾಣ ತಲುಪಿರಲಿ, ಇನ್ನೂರು ಮೀಟರ್ ಬಾಕಿಯಿರಲಿ, ಹಿಂತಿರುಗಬೇಕು. ಈ ಗಡುವನ್ನು ಮನೆಯಲ್ಲೇ, ಎಲ್ಲರ ಎದುರು, ಬಾಯಿಬಿಟ್ಟು ಹೇಳಿ ನಿಗದಿಪಡಿಸುವುದು ಒಳ್ಳೆಯದು. ತಾಣದ ಸಮೀಪಕ್ಕೆ ಬಂದ ಮೇಲೆ ‘ಇನ್ನು ಐದೇ ನಿಮಿಷ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ.

ಕೈಗಡಿಯಾರವಿಲ್ಲದಾಗ ಒಂದು ಅಂದಾಜು ನೆರವಾಗುತ್ತದೆ. ತೋಳನ್ನು ಪೂರ್ತಿ ಚಾಚಿ, ಅಂಗೈಯನ್ನು ಮುಖದ ಕಡೆಗೆ ಮಡಿಸಿ, ದಿಗಂತ ಮತ್ತು ಸೂರ್ಯನ ನಡುವೆ ಎಷ್ಟು ಬೆರಳುಗಳು ಹಿಡಿಯುತ್ತವೆ ಎಂದು ನೋಡಿದರೆ, ಒಂದೊಂದು ಬೆರಳು ಸುಮಾರು 15 ನಿಮಿಷಕ್ಕೆ ಸಮ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಮುಸ್ಸಂಜೆಯ ಬೆಳಕು ಬೇಗ ಕರಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೋಟ ಚೆನ್ನಾಗಿ ಕಾಣಲು ಯಾವ ಹೊತ್ತು ಸೂಕ್ತ?

ತಾಣ ಯಾವ ದಿಕ್ಕಿಗೆ ತೆರೆದುಕೊಂಡಿದೆ ಎಂಬುದನ್ನು ಮೊದಲು ತಿಳಿಯಿರಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದಾಗ ಎದುರಿನ ಕಣಿವೆ ಬಣ್ಣಸಹಿತ ಸ್ಪಷ್ಟವಾಗಿ ಕಾಣುತ್ತದೆ. ಹೀಗಾಗಿ ಪಶ್ಚಿಮಕ್ಕೆ ಮುಖಮಾಡಿದ ತಾಣಕ್ಕೆ ಬೆಳಗ್ಗೆಯೂ, ಪೂರ್ವಕ್ಕೆ ಮುಖಮಾಡಿದ ತಾಣಕ್ಕೆ ಮಧ್ಯಾಹ್ನದ ನಂತರವೂ ಒಳ್ಳೆಯದು. ಸೂರ್ಯ ಎದುರಿಗಿದ್ದರೆ ಗಾಳಿಯಲ್ಲಿನ ಧೂಳು ಮತ್ತು ತೇವಾಂಶದ ಕಣಗಳು ಬೆಳಕನ್ನು ಚದುರಿಸಿ, ಬೆಟ್ಟಗಳ ಹೊರರೇಖೆ ಮಾತ್ರ ಉಳಿಯುತ್ತದೆ. ಅಂತಹ ನೋಟವನ್ನೇ ಇಷ್ಟಪಡುವವರಿದ್ದಾರೆ, ಅವರ ಮಟ್ಟಿಗೆ ಈ ಸಲಹೆ ತಿರುಗುಮುರುಗು.

ಶಾಂತವಾದ, ಮೋಡವಿಲ್ಲದ ರಾತ್ರಿಯ ನಂತರ ತಣ್ಣನೆಯ ಭಾರವಾದ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ, ಮುಂಜಾನೆ ಕಣಿವೆಯಲ್ಲಿ ಮಂಜು ತುಂಬಿ ಮೇಲೆ ಬಿಸಿಲಿರುವುದುಂಟು. ಹೊತ್ತೇರಿ ನೆಲ ಕಾದಂತೆ ಮಂಜು ಕರಗುತ್ತದೆ. ಮಳೆ ಬಿದ್ದು ಬಿಟ್ಟ ಮರುದಿನ ಗಾಳಿ ತೊಳೆದಂತಿರುವುದರಿಂದ ದೂರದ ನೋಟಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ, ಆದರೆ ಹಾದಿ ಜಾರುತ್ತದೆ.

ಮೇಲಿನಿಂದ ಎಷ್ಟು ದೂರದವರೆಗೆ ಕಾಣಬಹುದು?

ಸುತ್ತಲಿನ ಬಯಲಿಗಿಂತ ನೀವಿರುವ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. 100 ಮೀಟರ್ ಎತ್ತರದಿಂದ ಸುಮಾರು 36 ಕಿಲೋಮೀಟರ್, 400 ಮೀಟರಿನಿಂದ ಸುಮಾರು 71 ಕಿಲೋಮೀಟರ್. ಎತ್ತರ ನಾಲ್ಕು ಪಟ್ಟಾದರೂ ನೋಟದ ದೂರ ಎರಡೇ ಪಟ್ಟು ಹೆಚ್ಚುತ್ತದೆ ಎಂಬುದನ್ನು ಗಮನಿಸಿದರೆ, ತಗ್ಗಿನ ತಾಣವೊಂದನ್ನು ಆರಿಸಿಕೊಂಡಿದ್ದಕ್ಕೆ ಬೇಸರಿಸಬೇಕಾಗಿಲ್ಲ. ನಿಜವಾದ ಮಿತಿಯನ್ನು ಹೇರುವುದು ಸಾಮಾನ್ಯವಾಗಿ ಗಾಳಿಯ ಮಬ್ಬು.

ಸೂರ್ಯೋದಯ ಅಥವಾ ಸೂರ್ಯಾಸ್ತವನ್ನು ಅಲ್ಲಿಂದಲೇ ನೋಡಬಹುದೇ?

ನೋಡಬಹುದು, ಆದರೆ ಎರಡರಲ್ಲೂ ಕತ್ತಲಿನ ನಡಿಗೆ ಅನಿವಾರ್ಯ. ಆರಿಸಬೇಕಾದರೆ ಸೂರ್ಯೋದಯವನ್ನೇ ಆರಿಸಿ, ಏಕೆಂದರೆ ಆಗ ಕತ್ತಲಲ್ಲಿ ಹತ್ತುತ್ತೀರಿ, ಬೆಳಕಿನಲ್ಲಿ ಇಳಿಯುತ್ತೀರಿ, ಮತ್ತು ತಡವಾದಷ್ಟೂ ಬೆಳಕು ಹೆಚ್ಚುತ್ತದೆ. ಸೂರ್ಯಾಸ್ತದಲ್ಲಿ ಇದೆಲ್ಲವೂ ತಲೆಕೆಳಗು. ಯಾವುದೇ ಆದರೂ, ಹಗಲಿನಲ್ಲಿ ಒಮ್ಮೆ ನಡೆದು ಪರಿಚಯವಿಲ್ಲದ ಹಾದಿಯಲ್ಲಿ ಬೇಡ.

ಅನುಮತಿ ಬೇಕೇ?

ಹಲವು ಕಾಡುಗಳು ಸಂರಕ್ಷಿತ ಪ್ರದೇಶಗಳಾಗಿದ್ದು, ಪ್ರವೇಶಕ್ಕೆ ಅನುಮತಿ, ನಿಗದಿತ ಸಮಯ ಅಥವಾ ದಿನಕ್ಕಿಷ್ಟೇ ಜನರೆಂಬ ಮಿತಿ ಇರುತ್ತದೆ. ಕಾಡ್ಗಿಚ್ಚಿನ ಕಾಲದಲ್ಲೋ ಭಾರೀ ಮಳೆಯ ನಂತರವೋ ಹಾದಿಯನ್ನು ಮುಚ್ಚಿರುವುದೂ ಉಂಟು. ಆ ಕಾಡಿನ ಆಡಳಿತ ನೋಡಿಕೊಳ್ಳುವ ಕಚೇರಿಯನ್ನೇ ನೇರವಾಗಿ ವಿಚಾರಿಸಿ. ಹಿಂದಿನ ವರ್ಷ ಹೋಗಿಬಂದವರ ಮಾತು ಸಾಲದು.

ಎಷ್ಟು ನೀರು ಒಯ್ಯಬೇಕು? ಹಾದಿಯಲ್ಲಿ ತೊರೆಯಿದ್ದರೆ ಆ ನೀರು ಕುಡಿಯಬಹುದೇ?

ಹಿತವಾದ ಹವೆಯಲ್ಲಿ ನಡಿಗೆಯ ಪ್ರತಿ ಗಂಟೆಗೆ ಸುಮಾರು ಅರ್ಧ ಲೀಟರ್ ಸಾಕು, ಸೆಕೆಯಲ್ಲಿ ಇನ್ನೂ ಹೆಚ್ಚು ಬೇಕು. ನಾಲ್ಕೈದು ಗಂಟೆಯ ಚಾರಣಕ್ಕೆ ತಲಾ ಎರಡು ಲೀಟರ್ ಒಯ್ಯುವುದು ಕ್ಷೇಮ, ಮತ್ತು ವೀಕ್ಷಣಾ ತಾಣ ತಲುಪಿದಾಗ ಅರ್ಧದಷ್ಟಾದರೂ ಉಳಿದಿರಬೇಕು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರಿನ ಬದಲು ಜೊತೆಗೆ ಉಪ್ಪಿನಂಶವಿರುವ ತಿನಿಸೇನಾದರೂ ಇರಲಿ.

ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳಿರಬಹುದು, ಏಕೆಂದರೆ ಮೇಲ್ಭಾಗದಲ್ಲಿ ಪ್ರಾಣಿಗಳು ಆ ನೀರಿಗಿಳಿದಿರುವುದು ನಿಮಗೆ ಕಾಣುವುದಿಲ್ಲ. ಕುಡಿಯಲೇಬೇಕಾದರೆ ಕೊತಕೊತ ಕುದಿಯುವಂತೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ. ಒಂದು ದಿನದ ಸುಲಭ ಚಾರಣದಲ್ಲಿ ಆ ಪ್ರಮೇಯವೇ ಬಾರದಂತೆ ಮನೆಯಿಂದಲೇ ಒಯ್ಯುವುದು ಲೇಸು.

ಯಾವ ಬಗೆಯ ಬೂಟು ಬೇಕು?

ಹಿಡಿತವಿರುವ ಅಡಿಯ, ಈಗಾಗಲೇ ಕಾಲಿಗೆ ಒಗ್ಗಿರುವ ಬೂಟು ಸಾಕು. ಚಾರಣಕ್ಕೆಂದು ಹಿಂದಿನ ದಿನ ಕೊಂಡ ದುಬಾರಿ ಬೂಟಿಗಿಂತ ಅದೇ ಮೇಲು. ಕಾಲು ಉಜ್ಜಿ ಬಿಸಿಯೆನಿಸಿದ ಕೂಡಲೇ ನಿಂತು ಅಲ್ಲಿಗೆ ಪಟ್ಟಿ ಹಚ್ಚಿದರೆ ಬೊಬ್ಬೆ ಏಳುವುದಿಲ್ಲ.

ಉಡುಪಿನ ವಿಚಾರದಲ್ಲಿ ಏನು ಗಮನಿಸಬೇಕು?

ಎತ್ತರಕ್ಕೆ ಹೋದಂತೆ ಉಷ್ಣತೆ ಸರಾಸರಿ ಪ್ರತಿ 1000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ, ಅಂದರೆ 300 ಮೀಟರ್ ಏರಿದರೆ ಎರಡು ಡಿಗ್ರಿಯಷ್ಟೇ. ಆದರೂ ಮೇಲೆ ತಲುಪಿದ ಕೂಡಲೇ ಮೈ ನಡುಗುವುದೇಕೆಂದರೆ, ಕಾಡಿನೊಳಗೆ ಮರಗಳು ತಡೆದಿದ್ದ ಗಾಳಿ ತೆರೆದ ಬಂಡೆಯ ಮೇಲೆ ನೇರವಾಗಿ ಬೀಸುತ್ತದೆ ಮತ್ತು ಹತ್ತುವಾಗ ಬೆವರಿ ಒದ್ದೆಯಾದ ಬಟ್ಟೆ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲವಾದ್ದರಿಂದ, ತಂಪಾದ ದಿನಗಳಲ್ಲಿ ಬೇಗ ಒಣಗುವ ಕೃತಕ ನೂಲಿನ ಅಥವಾ ಉಣ್ಣೆಯ ಬಟ್ಟೆಯೇ ವಾಸಿ. ಗಾಳಿ ತಡೆಯುವ ಹಗುರ ಜಾಕೆಟ್ಟನ್ನು ನಡುಕ ಆರಂಭವಾದ ಮೇಲಲ್ಲ, ಮರಗಳ ಆಸರೆಯಿಂದ ಹೊರಬರುವ ಮುನ್ನವೇ ಹಾಕಿಕೊಳ್ಳಬೇಕು.

ಮೊಬೈಲ್ ಇರುವಾಗ ಕಾಗದದ ನಕ್ಷೆ ಏಕೆ?

ಮೊಬೈಲಿನ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಪಡೆಯುವುದರಿಂದ, ನೆಟ್‌ವರ್ಕ್ ಇಲ್ಲದ ಕಾಡಿನಲ್ಲೂ ಅದು ಕೆಲಸ ಮಾಡುತ್ತದೆ. ಇಲ್ಲವಾಗುವುದು ನಕ್ಷೆ. ಅದನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡಿರದಿದ್ದರೆ, ಖಾಲಿ ಪರದೆಯ ಮೇಲೆ ನೀವೊಂದು ಚುಕ್ಕೆಯಾಗಿ ಕಾಣುತ್ತೀರಿ, ಅಷ್ಟೇ. ಸಂಕೇತ ದುರ್ಬಲವಾಗಿರುವಲ್ಲಿ ಫೋನು ನೆಟ್‌ವರ್ಕ್ ಹುಡುಕುತ್ತಲೇ ಬ್ಯಾಟರಿಯನ್ನು ಬರಿದುಮಾಡಿಕೊಳ್ಳುವುದರಿಂದ ಅದನ್ನು ಫ್ಲೈಟ್ ಮೋಡ್‌ನಲ್ಲಿಡಿ. ದಟ್ಟ ಮರಗಳ ಕೆಳಗೆ ಮತ್ತು ಇಕ್ಕಟ್ಟಾದ ಕಣಿವೆಗಳಲ್ಲಿ ಅದು ತೋರಿಸುವ ಸ್ಥಾನ ಹತ್ತಾರು ಮೀಟರ್ ಆಚೀಚೆಯಾಗಬಹುದು. ಕಾಗದದ ನಕ್ಷೆಗೆ ಬ್ಯಾಟರಿಯ ಹಂಗಿಲ್ಲ. ಜೊತೆಗೆ ಇಡೀ ಪ್ರದೇಶವನ್ನು ಒಂದೇ ನೋಟದಲ್ಲಿ ತೋರಿಸುವ ಗುಣ ಅಂಗೈ ಅಗಲದ ಪರದೆಗಿಲ್ಲ.

ಚೀಲದಲ್ಲಿ ಇನ್ನೇನಿರಬೇಕು?

ಹಗಲಿನ ಚಾರಣಕ್ಕೆ ಟಾರ್ಚ್ ಏಕೆಂದು ಕೇಳುವವರು ಹೆಚ್ಚು, ಆದರೆ ಚೀಲದಿಂದ ಕೊನೆಯದಾಗಿ ತೆಗೆದಿಡಬೇಕಾದ ವಸ್ತು ಅದು. ಕೈಗಳು ಬಿಡುವಾಗಿರುವಂತೆ ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಆದರೆ ಉತ್ತಮ. ಪಟ್ಟಿ, ಬ್ಯಾಂಡೇಜ್, ನೀವು ನಿತ್ಯ ಸೇವಿಸುವ ಔಷಧಿ, ಒಂದು ಸೀಟಿ, ಮಳೆಯಂಗಿ ಮತ್ತು ಕಸಕ್ಕೊಂದು ಚೀಲ ಇವಿಷ್ಟಿದ್ದರೆ ಮುಖ್ಯವಾದವೆಲ್ಲ ಬಂದಂತೆ.

ಒಬ್ಬರೇ ಹೋಗಬಹುದೇ?

ಜನಸಂಚಾರವಿರುವ, ಗುರುತುಗಳು ಸ್ಪಷ್ಟವಾಗಿರುವ ಹಾದಿಯಲ್ಲಿ ಹೋಗಬಹುದು. ಒಬ್ಬರೇ ಇರಲಿ ಗುಂಪಾಗಿರಲಿ, ಯಾವ ಹಾದಿ, ಎಷ್ಟು ಹೊತ್ತಿಗೆ ಮರಳುವಿರಿ, ಯಾವ ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಸಹಾಯ ಕೇಳಬೇಕು ಎಂಬ ಮೂರನ್ನೂ ನಂಬಿಕಸ್ಥರೊಬ್ಬರಿಗೆ ಬರೆದು ಕೊಡಿ. ಮೂರನೆಯದನ್ನು ಬಹುತೇಕರು ಹೇಳುವುದಿಲ್ಲ, ಹಾಗಾಗಿ ಮನೆಯಲ್ಲಿದ್ದವರು ಕರೆಮಾಡಬೇಕೋ ಕಾಯಬೇಕೋ ತಿಳಿಯದೆ ರಾತ್ರಿ ಕಳೆಯುತ್ತಾರೆ.

ದಾರಿ ತಪ್ಪಿದರೆ ಏನು ಮಾಡಬೇಕು?

ನಿಲ್ಲಿ. ಕುಳಿತು ನೀರು ಕುಡಿಯಿರಿ. ಕೊನೆಯ ಬಾರಿ ಹಾದಿಯ ಗುರುತು ಕಂಡದ್ದು ಎಲ್ಲಿ ಎಂದು ನೆನಪಿಸಿಕೊಂಡು, ಬಂದ ಹೆಜ್ಜೆಯಲ್ಲೇ ಅಲ್ಲಿಗೆ ಮರಳಿ. ಅದು ಸಾಧ್ಯವಾಗದಿದ್ದರೆ ಇದ್ದಲ್ಲೇ ಇರುವುದು ಮೇಲು, ಏಕೆಂದರೆ ಹುಡುಕುವವರಿಗೆ ಅಲೆದಾಡುವವರಿಗಿಂತ ಒಂದೆಡೆ ಕುಳಿತವರು ಬೇಗ ಸಿಗುತ್ತಾರೆ.

ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆಂಬ ಮಾತನ್ನು ಈ ಬಗೆಯ ಹಾದಿಗಳಲ್ಲಿ ಖಂಡಿತ ಪಾಲಿಸಬೇಡಿ. ವೀಕ್ಷಣಾ ತಾಣವಿದೆಯೆಂದರೆ ಸಮೀಪದಲ್ಲಿ ಪ್ರಪಾತವಿದೆಯೆಂದೇ ಅರ್ಥ, ಮತ್ತು ಅಲ್ಲಿನ ತೊರೆಗಳು ಜಲಪಾತವಾಗಿ ಧುಮುಕುವ ಸಂಭವ ಹೆಚ್ಚು. ಸೀಟಿಯನ್ನು ಮೂರು ಬಾರಿ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಬಾರಿ ಊದುವುದು ಸಹಾಯ ಕೋರುವ ಸಂಕೇತವೆಂದು ಬಹಳ ಕಡೆ ಗುರುತಿಸಲ್ಪಡುತ್ತದೆ. ಕೂಗುವ ದನಿಗಿಂತ ಅದು ದೂರ ಕೇಳುತ್ತದೆ, ಗಂಟಲೂ ಉಳಿಯುತ್ತದೆ. ಕರೆ ಹೋಗದಷ್ಟು ದುರ್ಬಲವಾದ ನೆಟ್‌ವರ್ಕಿನಲ್ಲೂ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ. ತುರ್ತು ಸಂಖ್ಯೆ 112 ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ, ಆದರೂ ನೀವು ಹೋಗುವ ಪ್ರದೇಶದ ಸಂಖ್ಯೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ.

ದಾರಿ ತಪ್ಪದಿರಲು ಇರುವ ಅತ್ಯಂತ ಸರಳ ಅಭ್ಯಾಸವೆಂದರೆ ಪ್ರತಿ ಕವಲಿನಲ್ಲೂ ಹಿಂದಿರುಗಿ ನೋಡುವುದು. ಮರಳುವಾಗ ನಿಮಗೆ ಎದುರಾಗುವ ದೃಶ್ಯ ಅದೇ, ಮತ್ತು ಅದು ಹೋಗುವಾಗ ಕಂಡದ್ದಕ್ಕಿಂತ ತೀರ ಬೇರೆಯಾಗಿರುತ್ತದೆ.

ಗುಡುಗು ಕೇಳಿಸಿದರೆ?

ತೆರೆದ ವೀಕ್ಷಣಾ ತಾಣ ಸಿಡಿಲಿಗೆ ಅತ್ಯಂತ ಅಪಾಯದ ಜಾಗ, ಕೂಡಲೇ ಕೆಳಗಿಳಿಯಿರಿ. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರವೆಂದು ಲೆಕ್ಕ. ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಅಂದರೆ ನಿಮ್ಮನ್ನು ಮುಟ್ಟಬಲ್ಲದು. ಒಂಟಿಯಾಗಿ ನಿಂತ ಎತ್ತರದ ಮರದಡಿ, ಬಂಡೆಯ ಚಾಚಿನ ಕೆಳಗೆ ನಿಲ್ಲಬೇಡಿ. ತಗ್ಗಿನಲ್ಲಿ, ಒಂದೇ ಸಮನೆ ಎತ್ತರವಿರುವ ಗಿಡಮರಗಳ ನಡುವೆ, ಒಬ್ಬರಿಂದೊಬ್ಬರು ದೂರವಿದ್ದು ಕಾಯುವುದು ಇದ್ದುದರಲ್ಲಿ ಕಡಿಮೆ ಅಪಾಯದ ದಾರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಮತ್ತೆ ಮೇಲೇರಬಾರದು.

ಜಿಗಣೆ, ಉಣ್ಣೆಗಳ ಕಾಟಕ್ಕೆ ಏನು ಪರಿಹಾರ?

ಉದ್ದನೆಯ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಹಾದಿಯ ನಡುವೆಯೇ ನಡೆಯಿರಿ. ಜಿಗಣೆ ಅಸಹ್ಯವೆನಿಸಿದರೂ ಅಷ್ಟೇನೂ ಅಪಾಯಕಾರಿಯಲ್ಲ, ಉಗುರಿನಿಂದ ಬಾಯಿಯ ಭಾಗವನ್ನು ಸರಿಸಿ ಬಿಡಿಸಿದರೆ ಸಾಕು. ಉಣ್ಣೆಗಳು ರೋಗ ಹರಡಬಲ್ಲವಾದ್ದರಿಂದ ಅವುಗಳ ವಿಚಾರದಲ್ಲಿ ಎಚ್ಚರ ಹೆಚ್ಚಿರಲಿ. ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಹುಡುಕಿ, ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ತಿರುಚದೆ ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರ ಅಥವಾ ಚರ್ಮದಲ್ಲಿ ಕೆಂಪು ಕಲೆ ಕಂಡರೆ, ಉಣ್ಣೆ ಕಚ್ಚಿತ್ತೆಂದು ವೈದ್ಯರಿಗೆ ತಿಳಿಸಿ.

ಮಕ್ಕಳು, ಹಿರಿಯರು ಜೊತೆಗಿದ್ದರೆ?

ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ, ಗುಂಪಿನ ವೇಗ ತಾನಾಗಿ ಸರಿಹೊಂದುತ್ತದೆ. ಅವರು ಹಿಂದುಳಿದಾಗ ಮುಂದಿನವರು ನಿಂತು ಕಾದು, ಅವರು ಬಂದು ಸೇರಿದ ಕೂಡಲೇ ಹೊರಟರೆ, ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ.

ತಾಣದ ಅಂಚಿನಲ್ಲಿ ಎಷ್ಟು ದೂರದಲ್ಲಿ ನಿಲ್ಲಬೇಕು?

ಬೇಲಿಯಿದ್ದರೆ ಅದರೊಳಗೇ ಇರಿ. ಇಲ್ಲದಿದ್ದರೆ ನಿಮ್ಮ ಎತ್ತರಕ್ಕಿಂತ ಹೆಚ್ಚು ದೂರ ಉಳಿಸಿಕೊಳ್ಳಿ, ಎಡವಿ ಬಿದ್ದರೂ ಅಂಚಿನ ಈಚೆಗೇ ಬೀಳುವಷ್ಟು. ಅಂಚಿನ ಬಂಡೆ ಗಟ್ಟಿಯಾಗಿ ಕಂಡರೂ ಕೆಳಗೆ ಮಣ್ಣು ಕೊಚ್ಚಿಹೋಗಿ ಟೊಳ್ಳಾಗಿರಬಹುದು. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ. ಕ್ಯಾಮೆರಾ ನೋಡುತ್ತ ಹಿಂದಕ್ಕೆ ಹೆಜ್ಜೆಯಿಡುವುದನ್ನು ಗುಂಪಿನಲ್ಲಿ ಯಾರೇ ಮಾಡಿದರೂ ಮುಲಾಜಿಲ್ಲದೆ ತಡೆಯಿರಿ. ಮಕ್ಕಳ ಕೈ ಹಿಡಿಯುವುದು ತಾಣ ತಲುಪಿದ ಮೇಲಲ್ಲ, ಮರಗಳ ಸಾಲು ಮುಗಿಯುವಲ್ಲೇ.

ಹತ್ತುವಾಗ ನೋಯದ ಮಂಡಿ ಇಳಿಯುವಾಗ ನೋಯುವುದೇಕೆ?

ಇಳಿಯುವಾಗ ತೊಡೆಯ ಸ್ನಾಯುಗಳು ಮೈಯ ಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕಾಗುತ್ತದೆ. ಈ ಬಗೆಯ ಕೆಲಸ ಸ್ನಾಯುಗಳನ್ನು ಹೆಚ್ಚು ನೋಯಿಸುತ್ತದೆ, ಪ್ರತಿ ಹೆಜ್ಜೆಯ ಹೊಡೆತ ಮಂಡಿಗೂ ತಾಗುತ್ತದೆ. ಹೆಜ್ಜೆಗಳನ್ನು ಚಿಕ್ಕದಾಗಿಸಿ, ಮಂಡಿಯನ್ನು ಸ್ವಲ್ಪ ಬಾಗಿಸಿಯೇ ಇಡಿ. ಊರುಗೋಲಿದ್ದರೆ ಹತ್ತುವಾಗಿಗಿಂತ ತುಸು ಉದ್ದ ಮಾಡಿಕೊಳ್ಳಿ. ಜಾರಿ ಬೀಳುವ ಸಂಭವವೂ ಇಳಿಯುವಾಗಲೇ ಹೆಚ್ಚಾದ್ದರಿಂದ, ಮೇಲೆ ಏನಾದರೂ ತಿಂದು ದಣಿವಾರಿಸಿಕೊಂಡೇ ಹೊರಡಿ.

ಕಸ ಮತ್ತು ಶೌಚದ ವಿಚಾರ?

ಒಯ್ದದ್ದೆಲ್ಲವೂ ಹಿಂದಕ್ಕೆ ಬರಬೇಕು, ಹಣ್ಣಿನ ಸಿಪ್ಪೆಯೂ ಸೇರಿ. ಅದು ಕೊಳೆಯಲು ತಿಂಗಳುಗಳೇ ಬೇಕಾಗಬಹುದು, ಅಷ್ಟರೊಳಗೆ ಪ್ರಾಣಿಗಳಿಗೆ ಮನುಷ್ಯರ ತಿನಿಸಿನ ಚಟ ಹತ್ತುತ್ತದೆ. ಶೌಚಕ್ಕೆ ನೀರಿನಿಂದಲೂ ಹಾದಿಯಿಂದಲೂ ಕನಿಷ್ಠ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ನಂತರ ಮುಚ್ಚಬೇಕು. ಹಾವಿನಂತೆ ಸುತ್ತುವ ಏರುಹಾದಿಯಲ್ಲಿ ಅಡ್ಡದಾರಿ ಹಿಡಿಯಬೇಡಿ. ಅಲ್ಲಿ ಮಳೆನೀರು ನೇರವಾಗಿ ಹರಿದು ಮಣ್ಣು ಕೊಚ್ಚಿಹೋಗುತ್ತದೆ.

ಮೇಲೆ ತಲುಪಿದಾಗ ಮೋಡ ಮುಚ್ಚಿದ್ದರೆ ಕಾಯಬೇಕೇ?

ಬೆಳಗಿನ ಹೊತ್ತಿನಲ್ಲಿ, ಮಂಜು ಕಣಿವೆಯಲ್ಲಿ ನಿಂತಿದ್ದರೆ ಕಾಯುವುದರಲ್ಲಿ ಅರ್ಥವಿದೆ, ಬಿಸಿಲೇರಿದಂತೆ ಅದು ಚದುರುವ ಸಂಭವವಿರುತ್ತದೆ. ಮಧ್ಯಾಹ್ನದ ನಂತರ ಕಣಿವೆಯಿಂದ ಮೋಡ ಮೇಲೇರಿ ಬರುತ್ತಿದ್ದರೆ ಅದು ಇನ್ನಷ್ಟು ದಟ್ಟವಾಗುವುದೇ ಹೆಚ್ಚು, ಮಳೆ ಗುಡುಗುಗಳೂ ಹಿಂಬಾಲಿಸಬಹುದು, ಆದ್ದರಿಂದ ಇಳಿಯಲು ತೊಡಗಿ. ಕಾಯುವುದಾದರೂ ಹಿಂತಿರುಗುವ ಗಡುವನ್ನು ಮುಂದೂಡಬೇಡಿ. ಮಂಜು ಕವಿದಾಗ ಅಂಚು ಎಲ್ಲಿದೆಯೆಂದು ಹುಡುಕುತ್ತ ಮುಂದೆ ಹೋಗದೆ, ಕೊನೆಯ ಮರಗಳ ಬಳಿಯೇ ಕುಳಿತು ಕಾಯಿರಿ.